ಒಂದೇ ಕಡೆ ಚೆಲ್ಲಿದ ಬೂದಿ

ನಿಧಿ ಮುದುಕ ಹೋದನಂತೆ. ಪೀಣ್ಯದಲ್ಲಿ ನಾನು ಮಧ್ಯಾಹ್ನದ ಊಟ ಮಾಡುವ ಖಾನಾವಳಿಯ ಅಕ್ಕ ರೊಟ್ಟಿ ಬಡಿಯುತ್ತಲೇ ಈ ಸುದ್ದಿ ಹೇಳಿದರು. ಊರಿಂದ ಫೋನ್ ಬಂದಿತ್ತಂತೆ, ಹೋಗಿ ಒಂಬತ್ತು ದಿನವಾಯಿತಂತೆ. ಯಾರು ಎಂದು ನಾನು ಕೇಳಲಿಲ್ಲ. ಹತ್ತು ವರ್ಷದ ಹಿಂದೆ ಹೂಡಿಯ ಒಂದು ಕಟ್ಟಡದ ಪಾಯದಲ್ಲಿ ಅವರೂ, ಈ ಅಕ್ಕನೂ, ನಾನೂ ಒಟ್ಟಿಗೆ ಕೆಲಸಕ್ಕಿದ್ದೆವು. ಆಗ ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ನಿಧಿ ಮುದುಕ ಎಂಬುದು ಆಮೇಲೆ ಅವರ ಊರಿನವರು ಇಟ್ಟ ಹೆಸರು. ಅಕ್ಕನ ಬಾಯಲ್ಲಿ ಅದನ್ನು ಹಿಂದೆಯೂ ಎರಡು ಮೂರು ಸಲ ಕೇಳಿದ್ದೆ. ಕೇಳಿದಾಗಲೆಲ್ಲ ಮಜ್ಜಿಗೆ ಬೇಕು ಎಂದು ಮಾತು ತಿರುಗಿಸಿದ್ದೆ. ಏಕೆಂದರೆ ಊರಿನವರಿಗೆ ಆ ಹೆಸರು ಸಿಕ್ಕಿದ್ದು ನಾನು ಬರೆದ ಒಂದು ವಾಕ್ಯದಿಂದ.

ಅವರ ನಿಜವಾದ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ, ಅದರಿಂದ ಆದದ್ದು ಸಾಕು.

ಇತಿಹಾಸದಲ್ಲಿ ಎಂ.ಎ. ಮಾಡಿ, ಎರಡು ವರ್ಷ ಕಾಲೇಜಿನಿಂದ ಕಾಲೇಜಿಗೆ ಅರ್ಜಿ ಹಿಡಿದು ಅಲೆದು, ಕೊನೆಗೆ ಒಬ್ಬ ಗುತ್ತಿಗೆದಾರನ ಬಳಿ ನಾನು ಕೆಲಸಕ್ಕೆ ಸೇರಿದ್ದೆ. ದಿನದ ವರದಿ ಬರೆಯುವುದು ನನ್ನ ಕೆಲಸ. ಎಷ್ಟು ಜನ ಬಂದರು, ಎಷ್ಟು ಲೋಡು ಮಣ್ಣು ಹೋಯಿತು, ಮಳೆ ಬಂತೋ ಇಲ್ಲವೋ. ಹೂಡಿಯಲ್ಲಿ ಆಗ ಎದ್ದು ನಿಲ್ಲುತ್ತಿದ್ದ ಗಾಜಿನ ಕಟ್ಟಡಗಳಲ್ಲಿ ನಮ್ಮದೂ ಒಂದು. ಎರಡು ಅಂತಸ್ತು ನೆಲದೊಳಗೆ ಹೋಗಬೇಕಿತ್ತು. ನಡುವಿನ ಮಣ್ಣನ್ನು ಜೆಸಿಬಿ ತೆಗೆಯುತ್ತಿತ್ತು. ಅಂಚು, ಮೂಲೆ, ಗೋಡೆ ನೇರ ಮಾಡುವುದು ಕೈಕೆಲಸ. ಅದಕ್ಕೆ ಉತ್ತರ ಕರ್ನಾಟಕದ ಒಂದೇ ಊರಿನಿಂದ ಹದಿನಾಲ್ಕು ಜನರ ಗುಂಪು ಬಂದಿತ್ತು. ಕಾಕಾ ಆ ಗುಂಪಿನ ಹಿರಿಯರು. ಐವತ್ತೈದು ದಾಟಿದ್ದಿರಬೇಕು. ತೆಳ್ಳಗಿನ ಆಳು, ತಲೆಗೊಂದು ಮಾಸಿದ ರುಮಾಲು, ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೋ ಹೋಗಿ ಮತ್ತೆ ಬೆಳೆದಿರಲಿಲ್ಲ.

ಮೊದಲ ದಿನವೇ ಅವರು ಪಾಯಕ್ಕೆ ಇಳಿದು, ಗೋಡೆಯಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಮುಟ್ಟಿಸಿ ಉಗಿದರು. ನಾನು ಮೇಲಿನಿಂದ ನೋಡಿ ನಕ್ಕೆ. ಅವರು ನಗಲಿಲ್ಲ. ಈ ಮೂಲೆಯಲ್ಲಿ ಮೂರು ಲೇಯರ್ ಇವೆ ಎಂದರು. ಮೇಲಿನದು ಯಾರೋ ಈಚೆಗೆ ತಂದು ಸುರಿದ ಮಣ್ಣು, ಅದರ ಕೆಳಗೆ ಕೆರೆಯ ಹೂಳು, ಅದರ ಕೆಳಗಿನದು ಮಾತ್ರ ನೆಲದ ಸ್ವಂತ ಮಣ್ಣು. ಮಣ್ಣು ಹೊರುವ ಗುಂಪಿನ ಹಿರಿಯರ ಬಾಯಲ್ಲಿ ಲೇಯರ್ ಎಂಬ ಮಾತು ಕೇಳಿ ನನಗೆ ಆಶ್ಚರ್ಯ. ನಾನು ಆ ಮಾತನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಗೋಡೆಯಲ್ಲಿ ಕಣ್ಣಾರೆ ನೋಡಿದ್ದು ಅಂದೇ ಮೊದಲು.

ಆಮೇಲೆ ತಿಳಿಯಿತು. ಅವರ ಊರಿನ ಹೊಳೆ ದಂಡೆಯ ದಿಬ್ಬವನ್ನು ಅವರು ಹರೆಯದಲ್ಲಿದ್ದಾಗ ಯಾವುದೋ ವಿಶ್ವವಿದ್ಯಾಲಯದವರು ಮೂರು ಬೇಸಿಗೆ ಅಗೆಸಿದ್ದರಂತೆ. ಕಾಕಾ ಅಲ್ಲಿ ಅಗೆಯುವ ಕೂಲಿ. ಗುದ್ದಲಿಯನ್ನು ಬಾಚಣಿಗೆಯಂತೆ ಆಡಿಸಲು ಅಲ್ಲಿ ಕಲಿತರು. ಬಣ್ಣದ ಬ್ರಷ್ಷಿನಲ್ಲಿ ಮಣ್ಣು ಕೊಡವಲು ಕಲಿತರು. ಅಲ್ಲಿನ ಸಾಹೇಬರಿಗೊಂದು ಪದ್ಧತಿ ಇತ್ತಂತೆ: ಕೆಲಸ ಮುಗಿದು ಗುಂಡಿ ಮುಚ್ಚುವ ಮುಂಚೆ, ತಳಕ್ಕೆ ಆ ವರ್ಷದ ಹೊಸ ನಾಣ್ಯ ಒಂದನ್ನು ಇಡುವುದು. ಮುಂದೆ ಎಂದಾದರೂ ಯಾರಾದರೂ ಅಗೆದರೆ, ನಮಗಿಂತ ಮೊದಲೇ ಇಲ್ಲಿ ಯಾರೋ ಬಂದು ಹೋಗಿದ್ದಾರೆ ಎಂದು ಅವರಿಗೆ ತಿಳಿಯಬೇಕು. ಕಾಕಾಗೆ ಈ ಪದ್ಧತಿ ಬಹಳ ಹಿಡಿಸಿತ್ತು. ನಾವು ಎಲ್ಲಿ ಕೆಲಸ ಮುಗಿಸಿ ಹೋದರೂ ಹೀಗೆ ಒಂದು ಗುರುತು ಇಡಬೇಕಿತ್ತು ಎಂದು ಹೇಳುತ್ತಿದ್ದರು. ಇಟ್ಟಿದ್ದೀರಾ ಎಂದರೆ, ಇಡಲು ಯಾರು ಬಿಡುತ್ತಾರೆ, ಕಾಂಕ್ರೀಟು ಗಾಡಿ ಬಂದು ನಿಂತಿರುತ್ತದೆ ಎನ್ನುತ್ತಿದ್ದರು.

ನಾಗರಿಕತೆ ಎಂಬ ಮಾತು ಅವರಿಗೆ ಸಿಕ್ಕಿದ್ದೂ ಅಲ್ಲಿಯೇ. ಸಾಹೇಬರು ದಿನಕ್ಕೆ ಹತ್ತು ಸಲ ಅದನ್ನು ಹೇಳುತ್ತಿದ್ದರಂತೆ. ಇಲ್ಲೊಂದು ನಾಗರಿಕತೆ ಇತ್ತು ಎಂದು ಸಂಭ್ರಮಪಡುವಾಗ ಗುಂಡಿಯಲ್ಲಿ ನೋಡಿದರೆ ಇದ್ದದ್ದು ಒಡೆದ ಮಡಕೆಯ ಬೋಕಿ, ದನದ ಎಲುಬು, ಬೂದಿ. ಒಂದು ದಿನ ಕಾಕಾ ಧೈರ್ಯ ಮಾಡಿ, ಹಾಗಂದರೆ ಏನು ಎಂದು ಕೇಳಿಯೇಬಿಟ್ಟರಂತೆ. ಸಾಹೇಬರು ಏನೇನೋ ಹೇಳಿದರಂತೆ. ಕಾಕಾ ಅದರಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡು ಬಂದರು.

"ಬೂದಿ ನೋಡಬೇಕ್ರಿ ಸರ," ಎಂದು ನನಗೆ ಹೇಳಿದರು. "ಬೂದಿ ಕಂಡಕಂಡಲ್ಲೆ ಚೆಲ್ಲಿದ್ರ ಅವರು ದಾರಿಹೋಕರು, ಎರಡು ದಿನ ಇದ್ದು ಹ್ವಾದೋರು. ವರ್ಷಾನುಗಟ್ಟಲೆ ಒಂದ ಕಡೆ ಚೆಲ್ಲಿದ್ರ, ಅಲ್ಲೆ ಮಂದಿ ಬಾಳೇವು ಮಾಡ್ಯಾರ ಅಂತ. ಅದ ನಾಗರಿಕತಿ."

ನಾನು ಓದಿದ ಪಟ್ಟಿ ಬೇರೆ ಇತ್ತು. ನಗರ ಇರಬೇಕು, ಲಿಪಿ ಇರಬೇಕು, ಅಳತೆ ತೂಕ ಇರಬೇಕು, ಉಣ್ಣುವುದಕ್ಕಿಂತ ಹೆಚ್ಚು ಬೆಳೆದು ತುಂಬಿಡುವ ಕಣಜ ಇರಬೇಕು. ಅದನ್ನೆಲ್ಲ ಕಾಕಾಗೆ ಹೇಳಿದೆ. ಅವರು ಸಾವಧಾನವಾಗಿ ಕೇಳಿ, ಅದೆಲ್ಲ ಇದ್ದ ಮೇಲೂ ಬೂದಿ ಇರುತ್ತದಲ್ಲ ಎಂದರು. ಅವರ ಗುಂಪಿನ ತಗಡಿನ ಶೆಡ್ಡುಗಳ ಹಿಂದೆ, ಮೂರು ಒಲೆಗಳ ಬೂದಿಯನ್ನು ಒಂದೇ ಮೂಲೆಗೆ ಹಾಕಬೇಕು ಎಂಬ ನಿಯಮ ಮಾಡಿದ್ದರು. ಯಾರಾದರೂ ಸೋಮಾರಿತನದಿಂದ ಬೇರೆ ಕಡೆ ಚೆಲ್ಲಿದರೆ ತಾವೇ ಎತ್ತಿ ತಂದು ಆ ಮೂಲೆಗೆ ಹಾಕುತ್ತಿದ್ದರು. ನಾಲ್ಕು ತಿಂಗಳಿಗೆ ಕೆಡವುವ ಶೆಡ್ಡಿಗೆ ಇದೆಂಥ ಶಿಸ್ತು ಎಂದು ನಾನು ಛೇಡಿಸುತ್ತಿದ್ದೆ.

ಒಂದು ಭಾನುವಾರ ನಾವಿಬ್ಬರೂ ಬ್ರೂಕ್‌ಫೀಲ್ಡಿನ ಕಡೆ ನಡೆದು ಹೋಗುತ್ತಿದ್ದೆವು. ಕೇಬಲ್ಲಿನವರು ರಸ್ತೆ ಬದಿ ಅಗೆದು ಬಿಟ್ಟು ಹೋಗಿದ್ದರು. ಕಾಕಾ ಅಲ್ಲೇ ಮೊಣಕಾಲೂರಿ ಕೂತು ಆ ಗುಂಡಿಯೊಳಗೆ ತಲೆ ಹಾಕಿದರು. ಟಾರು, ಜಲ್ಲಿ, ಮತ್ತೆ ಟಾರು, ಮತ್ತೆ ಜಲ್ಲಿ, ಅದರ ಕೆಳಗೆ ಉತ್ತು ಬಿತ್ತಿದ ಮಣ್ಣು. ಇಲ್ಲಿ ಹೊಲ ಇತ್ತು, ಈ ಕಡೆ ಬದು ಇತ್ತು ಎಂದು ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರು, ಬೆಳಿಗ್ಗೆ ಬೆಳಿಗ್ಗೆ ಕುಡಿದಿದ್ದಾರಾ ಎಂದು ನನ್ನನ್ನು ಕೇಳಿದರು. ಇಲ್ಲ ಸಾರ್, ಓದ್ತಿದ್ದಾರೆ ಎಂದೆ. ನನ್ನ ಜೀವನದಲ್ಲಿ ನಾನು ಆಡಿದ ಒಳ್ಳೆಯ ಮಾತುಗಳಲ್ಲಿ ಅದೊಂದು. ಹೆಚ್ಚು ಇಲ್ಲ.

ಕಾಕಾನ ಹೆಂಡತಿಯನ್ನು ನಾವೆಲ್ಲ ಕಾಕಿ ಎನ್ನುತ್ತಿದ್ದೆವು. ಹೆಸರು ನೀಲವ್ವ. ಇದನ್ನು ಬರೆಯುತ್ತೇನೆ, ಏಕೆ ಎಂಬುದು ಮುಂದೆ ತಿಳಿಯುತ್ತದೆ. ಮಣ್ಣಿನ ಬುಟ್ಟಿ ಹೊರುತ್ತಿದ್ದರು, ಗುಂಪಿಗೆ ಅಡುಗೆಯನ್ನೂ ಮಾಡುತ್ತಿದ್ದರು. ಕಾಕಾ ಗುದ್ದಲಿ ತೊಳೆದಿಡದೆ ಊಟಕ್ಕೆ ಕೂರುತ್ತಿರಲಿಲ್ಲ, ಕಾಕಿಗೆ ಅದರ ಮೇಲೆ ಸಿಟ್ಟು. ರೊಟ್ಟಿ ಆರುತ್ತದೆ, ಗುದ್ದಲಿಗೇ ಬಡಿಸುತ್ತೇನೆ ನೋಡು ಎಂದು ರೇಗುತ್ತಿದ್ದರು. ಅವರ ಬಳಿ ಒಂದು ಸ್ಟೀಲಿನ ತಟ್ಟೆ ಇತ್ತು. ಕೊಳ್ಳುವಾಗ ಅಂಗಡಿಯವನು ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದು ಕೊಟ್ಟಿದ್ದ. ಕಾಕಿಗೆ ಓದು ಬರಹ ಇಲ್ಲ. ಅಕ್ಷರ ಬಲ್ಲವರು ಯಾರು ಸಿಕ್ಕರೂ ತಟ್ಟೆ ಮುಂದೆ ಹಿಡಿದು ಓದಿಸುತ್ತಿದ್ದರು. ನನ್ನ ಕೈಯಲ್ಲಿ ಐದಾರು ಸಲ ಓದಿಸಿದ್ದಾರೆ. ಬೇರೆ ಯಾರದ್ದಾದರೂ ಹೆಸರಾಗಿ ಹೋಗಿದೆಯೇನೋ ಎಂಬ ಅನುಮಾನದಿಂದ ಕೇಳಿ, ಸರಿ ಇದೆ ಎಂದು ತಿಳಿದು, ತಟ್ಟೆಯನ್ನು ಸೆರಗಿನಲ್ಲಿ ಒರೆಸಿ ಎತ್ತಿಡುತ್ತಿದ್ದರು.

ಹೀಗಿರುವಾಗ ಪಕ್ಕದ ಅಪಾರ್ಟ್‌ಮೆಂಟಿನ ಸಂಘದಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ನಿಮ್ಮ ಕೂಲಿಗಳು ನಮ್ಮ ಕಾಂಪೌಂಡಿನ ಪಕ್ಕ ಬಯಲಲ್ಲಿ ಸ್ನಾನ ಮಾಡುತ್ತಾರೆ, ಹೆಂಗಸರೂ ಮಾಡುತ್ತಾರೆ, ನಮ್ಮ ಮಕ್ಕಳು ಬಾಲ್ಕನಿಯಲ್ಲಿ ನಿಲ್ಲುವಂತಿಲ್ಲ, ಇಂಥ ಅನಾಗರಿಕ ಜನರನ್ನು ಬೇರೆಡೆ ಇಡಿ ಎಂದು. ಸೈಟ್ ಇಂಜಿನಿಯರ್ ಅದನ್ನು ನನಗೆ ಕೊಟ್ಟು, ಗುಂಪಿನವರಿಗೆ ಕನ್ನಡದಲ್ಲಿ ಹೇಳು ಗುರು ಎಂದರು. ಶೆಡ್ಡಿನ ಮುಂದೆ ನಿಂತು ಓದಿದೆ. ನಾಗರಿಕತೆ ಇಲ್ಲದ ಜನ ಎಂದೆ.

ಕಾಕಾಗೆ ಸಿಟ್ಟು ಬರಲಿಲ್ಲ. ಅರ್ಥವಾಗಲಿಲ್ಲ.

"ನಾಗರಿಕತಿ ಇಲ್ಲ ಅಂದ್ರ," ಎಂದು ಬಹಳ ಯೋಚಿಸಿ ಕೇಳಿದರು, "ನಾಳೆ ಯಾರರ ಈ ಜಾಗ ಅಗದ್ರ ನಮ್ಮದು ಏನೂ ಸಿಗಂಗಿಲ್ಲ ಅಂತನ್ರಿ ಸರ?"

ಹಾಗಲ್ಲ ಕಾಕಾ, ಜನ ಮಾತಾಡುವಾಗ ಆ ಮಾತಿಗೆ ಬೇರೆ ಅರ್ಥ, ನಡೆನುಡಿ, ಮರ್ಯಾದೆ, ಚೊಕ್ಕಟವಾಗಿರುವುದು ಎಂದೆಲ್ಲ ವಿವರಿಸಿದೆ. ಹೇಳುತ್ತ ಹೋದಂತೆ ನನಗೇ ನಾಚಿಕೆಯಾಯಿತು. ಕಾಕಿ ನಡುವೆ ಬಾಯಿ ಹಾಕಿದರು. ನಿಮ್ಮಿಬ್ಬರ ನಾಗರಿಕತೆಯೂ ಇರಲಿ, ನಾಲ್ಕು ತಗಡು ನಿಲ್ಲಿಸಿ ಕೊಡಿ, ಮಂದಿ ಮುಂದೆ ಮೈ ತೊಳೆಯಲು ನಮಗೇನು ಆಸೆಯೇ ಎಂದರು. ಇಂಜಿನಿಯರ್ ತಗಡು ತರಿಸುತ್ತೇನೆ ಎಂದರು. ತಗಡು ಬರಲಿಲ್ಲ. ಕಾಕಿಯೂ ಇನ್ನಿಬ್ಬರು ಹೆಂಗಸರೂ ತಮ್ಮ ಸೀರೆಗಳನ್ನೇ ಕೋಲಿಗೆ ಕಟ್ಟಿ ಮರೆ ಮಾಡಿಕೊಂಡರು. ಆ ಇಬ್ಬರಲ್ಲಿ ಒಬ್ಬರು ಈಗಿನ ಖಾನಾವಳಿಯ ಅಕ್ಕ.

ಕಾಕಾ ಮಾತ್ರ ಆ ಮಾತನ್ನು ಮರೆಯಲಿಲ್ಲ. ಕೆಲಸದ ನಡುವೆ ತಲೆಯೆತ್ತಿ, ಪಕ್ಕದ ಅಪಾರ್ಟ್‌ಮೆಂಟಿನ ಬಾಲ್ಕನಿಗಳನ್ನು ನೋಡುತ್ತ ನಿಲ್ಲುವುದನ್ನು ನಾನು ಕಂಡಿದ್ದೇನೆ. ಅವರಿಗೆ ಅದು ಬೈಗುಳವಾಗಿರಲಿಲ್ಲ, ಸುಳ್ಳಾಗಿತ್ತು. ತಮ್ಮ ಕಸುಬಿನ ವಿಷಯದಲ್ಲಿ ಯಾರೋ ಸುಳ್ಳು ಬರೆದಿದ್ದಾರೆ ಎಂಬ ನೋವು ಅದು. ಇದು ನನಗೆ ಆಗಲೇ ಅರ್ಥವಾಗಿತ್ತು. ಅರ್ಥವಾಗಿದ್ದರಿಂದಲೇ ಅದನ್ನು ಬಳಸಿಕೊಂಡೆ.

ಪತ್ರ ಬಂದು ಎರಡು ವಾರಕ್ಕೆ ಪೂರ್ವದ ಗೋಡೆಯ ಬುಡದಲ್ಲಿ ಒಂದು ಮಡಕೆಯ ಬಾಯಿ ಕಾಣಿಸಿತು. ಅರ್ಧ ಹೊರಗೆ, ಅರ್ಧ ಗೋಡೆಯೊಳಗೆ. ಕಾಕಾ ಗುದ್ದಲಿ ನಿಲ್ಲಿಸಿ ನನ್ನನ್ನು ಕರೆದರು. ಒಳಗೆ ಕಪ್ಪು, ಹೊರಗೆ ಕೆಂಪು, ನುಣುಪಾದ ಕಂಠ. ಪುಸ್ತಕದ ಚಿತ್ರದಲ್ಲಿ ನೋಡಿದ್ದ ಮಡಕೆ. ಹೂಡಿಯಲ್ಲಿ ಎರಡು ಸಾವಿರ ವರ್ಷದ ಹಿಂದೆ ಜನರಿದ್ದರು ಎಂದು ನಾನು ಒಂದು ಲೇಖನ ಬರೆಯುತ್ತೇನೆ, ನನ್ನ ಗುರುಗಳು ಓದುತ್ತಾರೆ, ಯಾವುದಾದರೂ ಕಾಲೇಜು ನನ್ನನ್ನು ಕರೆಯುತ್ತದೆ. ಮಡಕೆಯ ಮುಂದೆ ನಿಂತ ಅಷ್ಟು ಹೊತ್ತಿನಲ್ಲಿ ಇಷ್ಟೆಲ್ಲ ಕಟ್ಟಿಬಿಟ್ಟೆ. ಇಡೀ ಮಡಕೆ ಹೊರಗೆ ತೆಗೆದು ಫೋಟೋ ಹೊಡೆಯಬೇಕು ಎಂದೆ.

ಆಗುವುದಿಲ್ಲ ಎಂದರು ಕಾಕಾ. ಗೋಡೆಗೆ ಕೈ ಹಚ್ಚಬಾರದು. ಅಗೆಯುವವರ ಮೊದಲ ನಿಯಮ ಅದು. ಹೊಳೆ ದಂಡೆಯ ಸಾಹೇಬರು ಮೊದಲ ದಿನವೇ ಹೇಳಿಕೊಟ್ಟದ್ದು. ಗುಂಡಿಯ ಗೋಡೆಯಲ್ಲಿ ಚಿನ್ನದ ಕೊಡವೇ ಅರ್ಧ ಕಂಡರೂ ಉಳಿದರ್ಧ ಗೋಡೆಯಲ್ಲೇ ಬಿಡಬೇಕು, ಅದು ಮುಂದೆ ಬಂದು ಅಗೆಯುವವರ ಪಾಲು. ಮೇಲಾಗಿ ಈ ಗೋಡೆಯ ಮೇಲ್ಭಾಗ ಸುರಿದ ಮಣ್ಣಿನದು, ಎರಡು ದಿನದಿಂದ ಮಳೆ ಬೇರೆ ಹನಿಯುತ್ತಿದೆ. ನಾನು ಮೂರು ದಿನ ಕಾಡಿದೆ. ಮೂರು ದಿನವೂ ಇಲ್ಲ ಎಂದರು. ನಾಲ್ಕನೆಯ ದಿನ ನಾನು ಅವರ ಪಕ್ಕ ಕೂತು ಹೇಳಿದೆ:

"ಕಾಕಾ, ನಮಗೆ ನಾಗರಿಕತೆ ಇಲ್ಲ ಅಂದ್ರಲ್ಲ ಅವರು. ಅವರ ಮನೆ ಕೆಳಗೇ ಇದೆ ಅಂತ ತೋರಿಸೋಣ. ನೀವೇ ಕಂಡುಹಿಡಿದಿದ್ದು ಅಂತ ನಿಮ್ಮ ಹೆಸರು ಹಾಕಿ ಬರೀತೀನಿ."

ಅವರು ನನ್ನನ್ನು ನೋಡಿದರು. ಹೊಳೆ ದಂಡೆಯಲ್ಲಿ ಮೂರು ಬೇಸಿಗೆ ಅಗೆದರೂ ಯಾವ ಕಾಗದದಲ್ಲೂ ಅವರ ಹೆಸರು ಬಂದಿರಲಿಲ್ಲ. ಕಾಕಿ ಪಕ್ಕದಲ್ಲಿದ್ದರು, ನನ್ನದೂ ಹಾಕುತ್ತೀರಾ ಎಂದು ನಗುತ್ತ ಕೇಳಿದರು. ನನ್ನದು ಹೇಗೂ ತಟ್ಟೆಯಲ್ಲಿದೆ ಬಿಡಿ ಎಂದು ತಾವೇ ಹೇಳಿದರು. ಕಾಕಾ ಚಿಕ್ಕ ಹಾರೆ ಕೈಗೆತ್ತಿಕೊಂಡರು.

ಇಂಜಿನಿಯರ್ ಊಟಕ್ಕೆ ಹೋಗಿದ್ದರು, ಗುಂಪಿನವರು ಶೆಡ್ಡಿನ ಬಳಿ ಇದ್ದರು. ಯಾರಿಗೂ ಕಾಣದ ಹೊತ್ತು ಅದೇ ಎಂದು ನಾನೇ ಗೊತ್ತು ಮಾಡಿದ್ದೆ. ಕಾಕಾ ಮಡಕೆಯ ಸುತ್ತ ಮಣ್ಣು ಸಡಿಲಿಸಿದರು. ಮಡಕೆ ಕೆಳಗೆ ಬೀಳದಂತೆ ಕಾಕಿ ಬುಟ್ಟಿ ಒಡ್ಡಿ ಗೋಡೆಗೆ ಆನಿಕೊಂಡು ಕೂತರು. ಕ್ಯಾಮೆರಾ ತರಲು ನಾನು ಮೇಲೆ ಆಫೀಸಿಗೆ ಹೋದೆ. ಕ್ಯಾಮೆರಾ ಕೈಗೆ ಬರುವಷ್ಟರಲ್ಲಿ ಸದ್ದು ಕೇಳಿಸಿತು. ದೊಡ್ಡ ಸದ್ದಲ್ಲ, ಲಾರಿಯಿಂದ ಮರಳು ಸುರಿದ ಹಾಗೆ. ಓಡಿ ಬಂದಾಗ ಪೂರ್ವದ ಗೋಡೆ ಇರಲಿಲ್ಲ. ಕಾಕಾ ಮೊಣಕಾಲಿನ ತನಕ ಹೂತು ಹೋಗಿದ್ದರು. ಕಾಕಿ ಕಾಣುತ್ತಿರಲಿಲ್ಲ. ಕಾಕಾ ಎರಡೂ ಕೈಯಿಂದ ಮಣ್ಣು ಬಾಚುತ್ತಿದ್ದರು. ಯಾರೋ ಗುದ್ದಲಿ ತಂದರೆ, ಬೇಡ ಬೇಡ, ತಾಗುತ್ತದೆ ಎಂದರು. ಎಲ್ಲರೂ ಕೈಯಲ್ಲೇ ಬಾಚಿದೆವು. ಕಾಕಿಯನ್ನು ಹೊರಗೆ ತೆಗೆದಾಗ ಅವರ ಕೈಗಳು ಬುಟ್ಟಿಯನ್ನು ಇನ್ನೂ ಹಿಡಿದುಕೊಂಡಿದ್ದವು. ಮಡಕೆ ಏನಾಯಿತೋ ಯಾರೂ ನೋಡಲಿಲ್ಲ. ಮಾರನೆಯ ದಿನ ಮಣ್ಣಿನ ಜೊತೆ ಲಾರಿ ಹತ್ತಿರಬೇಕು.

ಅಪಘಾತದ ವರದಿ ಬರೆಯುವುದೂ ನನ್ನದೇ ಕೆಲಸ. ಗುತ್ತಿಗೆದಾರನ ಮ್ಯಾನೇಜರ್ ಎದುರು ಕೂತು ಹೇಳಿದ, ನಾನು ಬರೆದೆ. ಮಳೆ ಎಂದು ಬರೆದರೆ ಗೋಡೆಗೆ ಆಸರೆ ಯಾಕೆ ಕೊಟ್ಟಿಲ್ಲ ಎಂದು ಕೇಳುತ್ತಾರೆ ಎಂದ. ಮಡಕೆಯ ಸುದ್ದಿ ಗುಂಪಿನವರಿಂದ ಅವನಿಗೆ ತಿಳಿದಿತ್ತು. "ನಿಧಿ ಆಸೆ ಅಂತ ಬರಿ. ಈ ಜನ ಹಂಗೇ ತಾನೇ, ಯಾರ್ ಬೇಕಾದ್ರೂ ನಂಬ್ತಾರೆ," ಎಂದ. ಮೃತಳ ಗಂಡನಾದ ಇಂಥ ಹೆಸರಿನವನು ನಿಧಿಯ ಆಸೆಯಿಂದ, ಯಾರ ಗಮನಕ್ಕೂ ತಾರದೆ, ಗೋಡೆಯ ಬುಡವನ್ನು ಕೊರೆದದ್ದರಿಂದ ಗೋಡೆ ಕುಸಿಯಿತು ಎಂದು ಬರೆದೆ. ಅವನು ಒತ್ತಾಯಿಸಿದ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಅವನು ಒತ್ತಾಯಿಸಲಿಲ್ಲ. ಆ ವಾಕ್ಯ ಅವನನ್ನು ಉಳಿಸಿದ ಹಾಗೆ ನನ್ನನ್ನೂ ಉಳಿಸುತ್ತಿತ್ತು, ಅದಕ್ಕೆ ಬರೆದೆ. ಕಾಕಾನ ಹೆಸರು ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆನಲ್ಲ, ಬರೆದದ್ದು ಹೀಗೆ.

ಠಾಣೆಯಲ್ಲಿ ಆ ವರದಿಯನ್ನು ಗುಂಪಿನವರ ಮುಂದೆಯೇ ಓದಿದರು. ಇದು ನಿಜವೇ ಎಂದು ಕಾಕಾರನ್ನು ಕೇಳಿದರು. ಅವರು ಒಮ್ಮೆ ನನ್ನ ಕಡೆ ನೋಡಿದರು, ಆಮೇಲೆ ಹೌದ್ರಿ ಎಂದರು. ಪರಿಹಾರದ ಮಾತು ಅಲ್ಲಿಗೆ ಮುಗಿಯಿತು. ಗುಂಪಿನ ಜೊತೆ ನಿಧಿಯ ಮಾತು ಊರಿಗೆ ಹೋಯಿತು.

ಹತ್ತನೆಯ ದಿನಕ್ಕೆ ಕಾಕಾ ಒಬ್ಬರೇ ವಾಪಸು ಬಂದರು. ಪೂರ್ವದ ಮೂಲೆಗೆ ಮರುದಿನ ಕಾಂಕ್ರೀಟು ಹಾಕುವುದಿತ್ತು. ಕೆಲಸ ಕೇಳಲು ಬಂದಿದ್ದಾರೆ ಎಂದು ಇಂಜಿನಿಯರ್ ಅಂದುಕೊಂಡರು. ಅವರು ನೇರವಾಗಿ ನನ್ನ ಮೇಜಿನ ಬಳಿ ಬಂದು, ಪಂಚೆಯ ತುಂಡಿನಲ್ಲಿ ಸುತ್ತಿದ್ದ ಕಾಕಿಯ ತಟ್ಟೆ ತೆಗೆದು ನನ್ನ ಮುಂದೆ ಹಿಡಿದರು.

"ಒಮ್ಮೆ ಓದ್ರಿ ಸರ. ನಾ ಕೇಳಬೇಕು."

ನೀಲವ್ವ ಎಂದು ಓದಿದೆ. ಇನ್ನೊಮ್ಮೆ ಎಂದರು. ಇನ್ನೊಮ್ಮೆ ಓದಿದೆ. ಆಗ ಹೇಳಬಹುದಿತ್ತು. ಕಾಕಾ, ನಡೀರಿ, ಠಾಣೆಗೆ ಹೋಗಿ ನಿಜ ಹೇಳೋಣ ಎನ್ನಬಹುದಿತ್ತು. ಇಬ್ಬರೇ ಇದ್ದೆವು, ಯಾರೂ ತಡೆಯುವವರು ಇರಲಿಲ್ಲ. ಅವರು ತಟ್ಟೆಯನ್ನು ಮತ್ತೆ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡರು. ಆಮೇಲೆ ಪಾಯಕ್ಕೆ ಇಳಿದು, ಆ ಮೂಲೆಯಲ್ಲಿ ಒಂದು ಮೊಳ ಅಗೆದು, ತಟ್ಟೆಯನ್ನು ಹೆಸರು ಮೇಲೆ ಬರುವಂತೆ ಮಲಗಿಸಿ, ಕೈಯಲ್ಲೇ ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ಸಮ ಮಾಡಿದರು. ಮೇಲೆ ಬಂದು ಕೈ ತೊಳೆದು ಹೋದರು. ಅದರ ಮೇಲೆ ಈಗ ಹತ್ತು ಅಂತಸ್ತು ಇದೆ.

ಮುಂದೆ ಎಂದಾದರೂ ಅಲ್ಲಿ ಅಗೆಯುವ ಇತಿಹಾಸಕಾರರಿಗೆ ಲಿಪಿ ಸಿಗುತ್ತದೆ. ನಾನು ಬರೆದ ವರದಿ ಅಷ್ಟರಲ್ಲಿ ಗೆದ್ದಲು ತಿಂದಿರುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೆ ವರದಿ ಹರಡಬೇಕಾದ ಕಡೆಗೆ ಆಗಲೇ ಹರಡಿತ್ತು.

ಮೂರು ವರ್ಷದ ಮೇಲೆ ನನಗೆ ಪೀಣ್ಯದ ಒಂದು ಸಂಜೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮಡಕೆ ಇಲ್ಲದೆಯೇ ಸಿಕ್ಕಿತು. ಲೇತ್ ಮೆಷಿನ್ನಿನ ಎಣ್ಣೆ ವಾಸನೆ ಹೊತ್ತು ಬರುವ ಹುಡುಗರಿಗೆ ನಾಗರಿಕತೆಯ ಲಕ್ಷಣಗಳನ್ನು ಹೇಳಿಕೊಡುತ್ತೇನೆ. ನಾಗರಿಕತೆ ಎಂದರೇನು ಎಂದು ಮೊದಲು ಅವರನ್ನೇ ಕೇಳುತ್ತೇನೆ. ಬಸ್ಸಿಗೆ ಸಾಲಲ್ಲಿ ನಿಲ್ಲುವುದು ಎನ್ನುತ್ತಾರೆ, ಕಂಡಲ್ಲಿ ಉಗಿಯದಿರುವುದು ಎನ್ನುತ್ತಾರೆ. ಅದಲ್ಲ ಎಂದು ನಗರ, ಲಿಪಿ, ಕಣಜ ಎಂದು ಬರೆಸುತ್ತೇನೆ. ಬೂದಿಯ ಮಾತನ್ನು ಒಮ್ಮೆಯೂ ಹೇಳಿಲ್ಲ. ಹೇಳಿದರೆ ಯಾರು ಹೇಳಿದ್ದು ಎಂದು ಕೇಳುತ್ತಾರಲ್ಲ.

ಎರಡು ವರ್ಷದ ಹಿಂದೆ ಈ ಖಾನಾವಳಿ ಶುರುವಾಯಿತು. ಅಕ್ಕ ನನ್ನನ್ನು ಗುರುತಿಸಿ, ಬರ್ರಿ ಸರ ಎಂದು ಕರೆದು ಕೂರಿಸಿದರು. ಅಂದಿನಿಂದ ದಿನವೂ ಅಲ್ಲೇ ಊಟ. ಹದಿನೈದು ದಿನದ ಹಿಂದೆ ಅವರು ಕಾಕಾ ಹೋದ ಸುದ್ದಿ ಹೇಳಿದಾಗ ಮಜ್ಜಿಗೆ ಕೇಳಲು ಬಾಯಿ ಬರಲಿಲ್ಲ. ನಿಧಿ ಅಲ್ಲ ಅಕ್ಕ, ನಾನೇ ಅಗೆಯಲು ಹೇಳಿದ್ದು ಎಂದುಬಿಟ್ಟೆ. ವರದಿ ಬರೆದವನೂ ನಾನೇ ಎಂದೆ. ಅಕ್ಕ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದರು.

"ಗೊತ್ತೈತ್ರಿ," ಎಂದರು. "ಆ ವರ್ಷನ ಕಾಕಾ ನನಗೊಬ್ಬಾಕಿಗೆ ಹೇಳಿದ್ದ. ಠಾಣ್ಯಾಗ ನಿಮ್ಮ ಮಕಾ ನೋಡಿದ್ನಂತ, ನೀವು ಹೇಳ್ತೀರಿ ಅಂತ. ನೀವು ನೆಲಾ ನೋಡಿದ್ರಂತ."

ಗೊತ್ತಿದ್ದೂ ಎರಡು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಕಾಕಾನ ಹೇಳಿದ್ದ, ಅವರಿಗೆ ನಾಚಿಕಿ ಮಾಡಬ್ಯಾಡ ಅಂತ. ನಾ ಅದಕ್ಕ ನಿಮ್ಮ ಮುಂದ ನಿಧಿ ಮುದುಕ ಅಂತ ಅಂದು ಅಂದು ನೋಡ್ತಿದ್ದೆ. ಅವ ಇರೋ ಮಟ ನೀವಾ ಹೇಳ್ತೀರೇನೋ ಅಂತ ಕಾದ್ನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಕೈ ಒರೆಸಿಕೊಂಡು ಬಂದು, ಹಬ್ಬಕ್ಕೆ ಊರಿಗೆ ಹೋಗುತ್ತಿದ್ದೇನೆ, ಒಂದು ಚೀಟಿ ಬರೆದುಕೊಡಿ, ಊರವರ ಮುಂದೆ ಓದಿಸುತ್ತೇನೆ ಎಂದರು. ಅಲ್ಲೇ ಕೂತು ಬರೆದೆ. ಕಾಕಾನ ಹೆಸರು ಬರೆದೆ, ನನ್ನ ಹೆಸರು ಬರೆದೆ, ನಡೆದದ್ದನ್ನು ನಡೆದ ಹಾಗೆ ಬರೆದೆ. ವರದಿಯಲ್ಲಿ ಕಾಕಾರನ್ನು ಅವನು ಎಂದಿದ್ದೆ, ಈ ಸಲ ಅವರು ಎಂದು ಬರೆದೆ.

ನಿನ್ನೆ ಅಕ್ಕ ಊರಿಂದ ವಾಪಸಾದರು. ಕಟ್ಟೆಯ ಮೇಲೆ ನಾಲ್ಕು ಜನರ ಮುಂದೆ ಓದಿಸಿದರಂತೆ. ಯಾರೂ ನಂಬಲಿಲ್ಲವಂತೆ. ನಿಧಿಯಲ್ಲಿ ಪಾಲು ಸಿಕ್ಕಿರಬೇಕು, ಅದಕ್ಕೆ ಆ ಮೇಷ್ಟ್ರು ಹೀಗೆ ಬರೆದುಕೊಟ್ಟಿದ್ದಾನೆ ಎಂದು ನಕ್ಕರಂತೆ. ಕಾಕಾ ಹೋದ ಮೂರನೆಯ ದಿನವೇ ಯಾರೋ ಮನೆಗೆ ನುಗ್ಗಿ ನೆಲ ಅಗೆದು ಹಾಕಿದ್ದಾರೆ; ಒಲೆ ಕಿತ್ತಿದ್ದಾರೆ, ಹೊಸ್ತಿಲು ಎಬ್ಬಿಸಿದ್ದಾರೆ, ಹಿತ್ತಲನ್ನೂ ಬಿಟ್ಟಿಲ್ಲ. ಏನು ಸಿಕ್ಕಿತಂತೆ ಎಂದು ಕೇಳಿದೆ.

"ಏನ್ ಸಿಗ್ತೈತ್ರಿ ಸರ," ಎಂದರು ಅಕ್ಕ. "ಹಿತ್ತಲ ಮೂಲ್ಯಾಗ ಬೂದಿ ಸಿಕ್ತಂತ. ಆಳೆತ್ತರ ಬೂದಿ. ಎಲ್ಲಾ ಒಂದ ಕಡೆ."